ಮಳೆಗಾಲಕ್ಕೆ ಬಿಚ್ಚಿಟ್ಟ ಮಡ್‌ಗಾರ್ಡ್

2018ರಲ್ಲಿ ನಾನು ಇಳಕಲ್ ಭಾಗದ ಒಂದು ಸರ್ಕಾರಿ ಪ್ರೌಢಶಾಲೆಯ ಮುಖ್ಯಶಿಕ್ಷಕಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸಭೆ, ವರದಿ, ತರಬೇತಿ ಎಂದು ಓಡಾಡಿ ಸಾಕಾಗಿ ಹೋಗಿತ್ತು. ಸಾಲದ್ದಕ್ಕೆ ಆ ಸೆಪ್ಟೆಂಬರಿನಲ್ಲಿ ಸೈಕಲ್ಲಿನ ಮಡ್‌ಗಾರ್ಡ್ ವ್ಯಾಜ್ಯವೂ ನನ್ನ ಮೇಜಿಗೆ ಬಂತು.

ನಮ್ಮದು ಎರೆಭೂಮಿ. ಮಳೆ ಬಿದ್ದರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗುವುದೇ ಇಲ್ಲ. ಬೇರೆ ಕಡೆ ಮಳೆಗೆಂದು ಹಾಕಿಸುವ ಮಡ್‌ಗಾರ್ಡನ್ನು ಇಲ್ಲಿಯವರು ಮಳೆಗೆಂದೇ ಬಿಚ್ಚಿಡುತ್ತಾರೆ. ಆಗ ಸೈಕಲ್ ಓಡುತ್ತದೆ, ಆದರೆ ಕೆಸರೆಲ್ಲ ಬೆನ್ನಿಗೆ.

ನಮ್ಮ ದೈಹಿಕ ಶಿಕ್ಷಕರಿಗೆ ಶಿಸ್ತೇ ಪ್ರಾಣ. ಕೊಳೆ ಸಮವಸ್ತ್ರದವರನ್ನು ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸುತ್ತಿದ್ದರು. ವರ್ಷವಿಡೀ ಮಡ್‌ಗಾರ್ಡ್ ಕಡ್ಡಾಯ ಎಂದೂ ಸಾರಿಬಿಟ್ಟರು. ಹತ್ತನೆಯ ತರಗತಿಯ ಶಬಾನಾ ಮಡ್‌ಗಾರ್ಡ್ ಇಲ್ಲದೆ ಬಂದ ದಿನ ಕೊಳೆಯೆಂದು ಹೊರಗೆ ನಿಂತಳು. ಹಾಕಿಸಿಕೊಂಡು ಬಂದ ದಿನ, ದಾರಿಯುದ್ದಕ್ಕೂ ಕಡ್ಡಿಯಿಂದ ಮಣ್ಣು ಕೆದರುತ್ತ ಬಂದು, ತಡವೆಂದು ಹೊರಗೆ ನಿಂತಳು. ಅತ್ತ ದರಿ, ಇತ್ತ ಪುಲಿ. ಕೊನೆಗೆ ಬರುವುದನ್ನೇ ಬಿಟ್ಟಳು. ಹತ್ತರಲ್ಲಿ ಶಾಲೆ ಬಿಟ್ಟ ಹುಡುಗಿ ಮರಳಿ ಬಂದದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಅವಳ ಮನೆಗೆ ಹೋದೆ.

ತಂದೆ ರಾಜೇಸಾಬರು ರೈತರು. ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು ಹೇಳಿದರು: "ಮಡ್‌ಗಾರ್ಡ್ ಹಚ್ಚಿದ್ರ ತಡಾ ಅಂತೀರಿ, ತಗದ್ರ ಹೊಲಸ ಅಂತೀರಿ. ಯಾವ್ದರೆ ಒಂದ್ ಹೇಳ್ರಿ ಅಕ್ಕಾರ. ಇಲ್ಲಾಂದ್ರ ಮನ್ಯಾಗ ಇರ್ಲಿ ಬಿಡ್ರಿ."

ಬಾಗಿಲ ಮರೆಯಲ್ಲಿದ್ದ ಶಬಾನಾ ಮುಂದೆ ಬಂದಳು. "ಕೆಸರಿಗೆ ನಾ ಅಂಜಂಗಿಲ್ರಿ. ಬಟ್ಟಿ ಹಿಂದಿನ ಕೆಸರಿನ ಕಲಿ ನೋಡಿ ಹುಡುಗ್ರು ನಗ್ತಾರ್ರಿ. ಏನಂತ ನಗ್ತಾರ, ನಿಮಗ ಗೊತ್ತೈತ್ರಿ."

ಗೊತ್ತಿತ್ತು. ಕೆಸರಿನ ಕಲೆಯನ್ನು ಮುಟ್ಟಿನ ಕಲೆಯೆಂದು ಆಡಿಕೊಳ್ಳುವುದನ್ನು ಹೆಣ್ಣಾದ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಮಳಿಗಾಲ ಮುಗಿಯೂತನಕ ಮಡ್‌ಗಾರ್ಡ್ ಬ್ಯಾಡ. ಇನ್ನೊಂದ್ ಜೊತಿ ಬಟ್ಟಿ ಸಾಲ್ಯಾಗ ಇಡು. ಬಂದ ಕೂಡ್ಲೇ ಬದಲಿಸ್ಕೊ," ಎಂದೆ.

"ಎಲ್ಲಿ ಬದಲಿಸ್ಕೊಳ್ಲಿರಿ? ಪಾಯಖಾನಿ ಬಾಗಲಕ್ಕ ಚಿಲಕಾನೇ ಇಲ್ಲಲ್ರಿ."

ಆ ಚಿಲಕದ ಬಗ್ಗೆ ಮೇಲಿನವರಿಗೆ ಬರೆದು ಬರೆದು ನನ್ನ ಕೈ ಸೋತಿತ್ತು. ಮರುದಿನ ಬಡಗಿಯನ್ನು ನಾನೇ ಕರೆತಂದು ಹಾಕಿಸಿದೆ. ನಗುತ್ತಿದ್ದ ಹುಡುಗರನ್ನು ಕರೆದು ಬೈದೆ. ಕಡ್ಡಾಯವನ್ನು ರದ್ದು ಮಾಡಿದೆ. "ಶಿಸ್ತು ಹಾಳಾಗ್ತೈತ್ರಿ ಮೇಡಂ," ಎಂದು ದೈಹಿಕ ಶಿಕ್ಷಕರು ಗೊಣಗಿದರು. ವಾದಿಸುವ ತ್ರಾಣ ನನಗಿರಲಿಲ್ಲ. "ಆಗ್ಲಿ ಬಿಡ್ರಿ," ಎಂದೆ.

ಮುಂದಿನ ಮಳೆಯ ದಿನ ಶಬಾನಾ ಬಂದಳು, ನನ್ನ ಬೀರುವಿನಲ್ಲಿ ಇಟ್ಟಿದ್ದ ಬಟ್ಟೆ ತೆಗೆದುಕೊಂಡು ಹೋಗಿ ಬದಲಿಸಿದಳು, ಸಾಲಿನಲ್ಲಿ ನಿಂತಳು. ಒಂದು ತಲೆನೋವು ಕಳೆಯಿತೆಂದು ನನ್ನ ಕೋಣೆಗೆ ಬಂದರೆ ಬಾಗಿಲಲ್ಲಿ ಎಂಟು, ಒಂಬತ್ತನೆಯ ತರಗತಿಯ ಐದಾರು ಹುಡುಗಿಯರು ಕೆಸರಾದ ಬೆನ್ನನ್ನು ಗೋಡೆಗೆ ಹಚ್ಚಿ ನಿಂತಿದ್ದರು. ಕೈಯಲ್ಲಿ ಮಡಚಿದ ಸಮವಸ್ತ್ರ.

"ನಮ್ದೂ ಇಲ್ಲೇ ಇಡೂನೇನ್ರಿ ಅಕ್ಕಾರ?"

ಇವರಾರೂ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಬೀರುವಿನ ಕಡತಗಳನ್ನು ನೆಲಕ್ಕಿಳಿಸಿ ಅವರ ಬಟ್ಟೆಗೆ ಜಾಗ ಮಾಡಿದೆ. ಶಾಲೆ ಬಿಡುವ ಮಕ್ಕಳು ದೂರು ಹೇಳಿ ಬಿಡುವುದಿಲ್ಲ, ಸುಮ್ಮನೆ ಒಂದು ದಿನ ಬರುವುದಿಲ್ಲ. ಅಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟೇ, ಅದೂ ಕೊನೆಗಾಲದಲ್ಲಿ.