ಮಾವನ ಡೈಲಾಗು ಕೇಳಲಿಲ್ಲ

ಥಿಯೇಟರಿಗೆ ಹೋಗುವಾಗ ನಾನು ಪರ್ಸಿನಲ್ಲಿ ಹತ್ತಿ ಇಟ್ಟುಕೊಂಡು ಹೋಗುತ್ತೇನೆ. ನಗುವವರು ನಗಲಿ. ಸಿನಿಮಾ ಮಾಡುವವರಿಗೆ ನನ್ನ ಕಿವಿಯ ಮೇಲೆ ಅದೇನು ಹಗೆಯೋ ಗೊತ್ತಿಲ್ಲ. ಹೀರೋ ಬಾಗಿಲು ತೆಗೆದರೆ ಸಿಡಿಲು, ಚಪ್ಪಲಿ ಹಾಕಿದರೆ ಗುಡುಗು, ಸುಮ್ಮನೆ ತಿರುಗಿ ನೋಡಿದರೂ ನನ್ನ ಸೀಟು ಗಡಗಡ ನಡುಗುತ್ತದೆ. ಇಷ್ಟು ಆರ್ಭಟ ಮಾಡಿ ಬಂದವನು ಮಾತಾಡಲು ಬಾಯಿ ತೆರೆದನೋ, ಬರೀ ಗುಸುಗುಸು. ನಮ್ಮ ಕಡೆಯವರಿಗೆ ತುಳು, ಕನ್ನಡ, ಮಲಯಾಳ ಮೂರೂ ಬರುತ್ತದೆ, ಬ್ಯಾರಿ ಭಾಷೆಯೂ ಅರ್ಥವಾಗುತ್ತದೆ. ಇಷ್ಟೆಲ್ಲ ಕಲಿತು ಏನು ಬಂತು ಭಾಗ್ಯ? ಥಿಯೇಟರಿನೊಳಗೆ ಒಂದೂ ಕೇಳುವುದಿಲ್ಲ.

ನನ್ನ ಈ ಸಿಟ್ಟಿಗೆ ಕಾರಣ ನನ್ನ ಸೋದರಮಾವ. ಅವರ ಕಥೆ ಹೇಳಿದರೆ ನೀವೂ ಹತ್ತಿ ಇಟ್ಟುಕೊಳ್ಳುತ್ತೀರಿ. ನಮ್ಮ ಮನೆಯ ಮಾತು ತುಳು. ಎಲ್ಲವನ್ನೂ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ, ರುಚಿ ಸ್ವಲ್ಪ ಕಡಿಮೆಯಾದರೆ ಬಯ್ಯಬೇಡಿ.

ನಮ್ಮ ಮನೆ ಕೇರಳದ ಅಂಚಿನ ಕುಂಜತ್ತೂರಿನಲ್ಲಿ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ತಲಪಾಡಿ ಗಡಿ. ಕೇರಳದ ಬಸ್ಸಿನಿಂದ ಇಳಿದವರು ಗಡಿ ದಾಟಿ ಮಂಗಳೂರಿನ ಬಸ್ಸು ಹತ್ತುವ ಜಾಗ ಅದು. ಅವರನ್ನು ಕರೆದು ಬಸ್ಸಿಗೆ ತುಂಬಿಸುವುದೇ ಮಾವನ ಕೆಲಸ. "ತೊಕ್ಕೊಟ್ಟು, ಪಂಪ್‌ವೆಲ್, ಹಂಪನಕಟ್ಟೆ!" ಎಂದು ಅವರು ಒಮ್ಮೆ ಕೂಗಿದರೆ ಹಂಪನಕಟ್ಟೆಗೆ ಹೋಗಬೇಕೆಂದು ಇಲ್ಲದವರೂ ಹೆದರಿ ಹತ್ತಿಬಿಡುತ್ತಿದ್ದರು. ಗಾಳಿ ನಮ್ಮ ಕಡೆಗೆ ಬೀಸಿದರೆ ಆ ಕೂಗು ನಮ್ಮ ಅಂಗಳಕ್ಕೂ ಕೇಳುತ್ತಿತ್ತು. ಮನೆಯಲ್ಲಿ ಅವರು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಟ್ಟದ್ದುಂಟು.

ಮಾವನ ಅಮ್ಮ, ಅಂದರೆ ನನ್ನ ಅಜ್ಜಿ, ಜೀವನವಿಡೀ ಬೀಡಿ ಕಟ್ಟಿದವರು. ವಯಸ್ಸಾದ ಮೇಲೆ ಅವರ ಕಿವಿ ಮಂದವಾಯಿತು. ನಾವು ಹೇಳಿದ್ದರಲ್ಲಿ ಅರ್ಧ ಅವರಿಗೆ ಸೇರುತ್ತಿರಲಿಲ್ಲ, ಸೇರಿದ ಅರ್ಧಕ್ಕೆ ಉತ್ತರ ಕೊಡುವ ಮನಸ್ಸು ಇರುತ್ತಿರಲಿಲ್ಲ. ಸರಿಯಾಗಿ ಕೇಳುತ್ತಿದ್ದದ್ದು ಮಗನ ಸ್ವರ ಒಂದೇ. ಆದರೆ ಅಜ್ಜಿ ಅದನ್ನು ಒಪ್ಪಿಕೊಳ್ಳಬೇಕಲ್ಲ? ಮಾವ ಬಾಯಿ ತೆರೆದ ಕೂಡಲೇ ಅಜ್ಜಿಯ ಬಾಯಿಂದ ಒಂದೇ ಮಾತು. "ಮೆಲ್ಲ ಮಾತಾಡು ಮಾರಾಯ!" ಮಾವ ತೊಟ್ಟಿಲಲ್ಲಿದ್ದಾಗ ಶುರುವಾದ ಮಾತಂತೆ ಅದು, ಐವತ್ತು ದಾಟಿದರೂ ನಿಂತಿರಲಿಲ್ಲ.

ಮಾವನಿಗೆ ನಾಟಕದ ಹುಚ್ಚು. ಹರೆಯದಿಂದಲೂ ಊರಿನ ತಂಡದಲ್ಲಿ ಸಣ್ಣ ಸಣ್ಣ ವೇಷ ಮಾಡುತ್ತಿದ್ದರು. ನಮ್ಮ ಕಡೆಯ ನಾಟಕದಲ್ಲಿ ಒಂದು ಒಳ್ಳೆಯ ಕ್ರಮ ಉಂಟು. ಮೈಕು ಕೈಕೊಟ್ಟರೆ ಹಿಂದೆ ಕೂತವರು "ಕೇಳುದಿಲ್ಲ! ಇನ್ನೊಮ್ಮೆ ಹೇಳಿ!" ಎಂದು ಬೊಬ್ಬೆ ಹಾಕುತ್ತಾರೆ. ಪಾತ್ರಧಾರಿ ನಾಚಿಕೆಯಿಲ್ಲದೆ ಎರಡು ಹೆಜ್ಜೆ ಮುಂದೆ ಬಂದು ಅದೇ ಮಾತನ್ನು ಮತ್ತೆ ಹೇಳುತ್ತಾನೆ. ಸಾಯುತ್ತಾ ಬಿದ್ದಿರುವವನೂ ಎದ್ದು ಹೇಳಿ ಮತ್ತೆ ಬಿದ್ದು ಸಾಯುತ್ತಾನೆ. ಮಾವನಿಗೆ ಮಾತ್ರ ಯಾರೂ ಹಾಗೆ ಹೇಳಬೇಕಾಗಿ ಬಂದಿರಲಿಲ್ಲ. ಆದರೆ ಆ ನಾಟಕಗಳಲ್ಲಿ ಒಂದನ್ನೂ ಅಜ್ಜಿ ನೋಡಿರಲಿಲ್ಲ. ಮರುದಿನ ಕೊಡಬೇಕಾದ ಬೀಡಿಯ ಲೆಕ್ಕ ಬಿಟ್ಟು ಮಗನ ವೇಷ ನೋಡಲು ಹೋಗುವ ಪುರುಸೊತ್ತು ಅವರಿಗೆ ಎಲ್ಲಿಂದ? ಮಾವ ಇದನ್ನು ಹೇಳಿಕೊಂಡು ಕೊರಗುವವರಲ್ಲ. ಆದರೂ ಅಮ್ಮ ಒಮ್ಮೆ ಬಂದು ತನ್ನ ಮಾತು ಕೇಳಬೇಕು ಎಂಬ ಆಸೆ ಅವರ ಹೊಟ್ಟೆಯೊಳಗೆ ಇತ್ತು. ಅತ್ತೆಯ ಹತ್ತಿರ ಹೇಳಿದ್ದರು, ಅತ್ತೆ ನಮಗೆಲ್ಲ ಹೇಳಿದ್ದರು.

ತುಳು ಸಿನಿಮಾಗಳು ಸಾಲಾಗಿ ಬರುತ್ತಿದ್ದ ಕಾಲ ಅದು. ಒಂದು ದಿನ ಗಡಿಯಲ್ಲಿ ಚಹಾ ಕುಡಿಯಲು ನಿಂತ ಸಿನಿಮಾ ತಂಡದ ನಿರ್ದೇಶಕರು ಮಾವನ ಕೂಗು ಕೇಳಿ ಗ್ಲಾಸು ಕೆಳಗಿಟ್ಟರಂತೆ. "ಈ ಸ್ವರ ನಮ್ಮ ಕ್ಲೈಮ್ಯಾಕ್ಸಿಗೆ ಬೇಕು" ಎಂದರಂತೆ. ಡೈಲಾಗು ಒಂದೇ, ಆದರೆ ಎಂಥ ಡೈಲಾಗು! ಹೀರೋನ ತಮ್ಮನನ್ನು ಯಾರೋ ಹೊಳೆಗೆ ದೂಡಿದ್ದಾರೆ. ಅದು ವಿಲನ್ನೇ ಎಂದು ಹೀರೋ ಕತ್ತಿ ಎತ್ತಿದ್ದಾನೆ. ಆಗ ಲುಂಗಿ ಉಟ್ಟ ಹಳ್ಳಿಯವನೊಬ್ಬ ಓಡಿ ಬಂದು ಹೇಳಬೇಕು: "ನಿಲ್ಲು! ನಿನ್ನ ತಮ್ಮನನ್ನು ಹೊಳೆಯಿಂದ ಎತ್ತಿ ಬದುಕಿಸಿದ್ದೇ ಇವನು!" ಇಷ್ಟು ಕೇಳಿದ್ದೇ ಹೀರೋ ಕತ್ತಿ ಬಿಸಾಡಿ ವಿಲನ್ನನ್ನು ಅಪ್ಪಿಕೊಳ್ಳುತ್ತಾನೆ. ಆ ಹಳ್ಳಿಯವ ನಮ್ಮ ಮಾವ. ಅವರ ಮಾತಿಲ್ಲದಿದ್ದರೆ ಸಿನಿಮಾ ಮುಗಿಯುವುದೇ ಇಲ್ಲ.

"ಸಿನಿಮಾ ನೋಡ್ಲಿಕ್ಕೆ ನಾನೂ ಬರ್ತೇನೆ" ಎಂದರು ಅಜ್ಜಿ, ಯಾರೂ ಕರೆಯುವ ಮೊದಲೇ. "ಈಗ ಬೀಡಿ ಇಲ್ಲ, ಎಂತ ಇಲ್ಲ. ಹೊಸ ಸೀರೆ ಉಂಟು. ಬರ್ತೇನೆ." ಮಾವನ ಮುಖ ನೋಡಬೇಕಿತ್ತು ಆಗ.

ಶೂಟಿಂಗ್ ಆಯಿತು, ಡಬ್ಬಿಂಗ್‌ಗೆ ಮಂಗಳೂರಿನ ಸ್ಟುಡಿಯೋದಿಂದ ಕರೆ ಬಂತು. ನಾನು ಅಲ್ಲೇ ಒಂದು ರಕ್ತ ಪರೀಕ್ಷೆಯ ಲ್ಯಾಬಿನ ಕೆಲಸದಲ್ಲಿದ್ದೆ, ಹಾಗಾಗಿ ಮಾವನ ಜೊತೆಗೆ ಹೋದೆ. ಗಾಜಿನ ಆಚೆ ಸೌಂಡ್ ಎಂಜಿನಿಯರು ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದ. ಮಾವ ಮೈಕಿನ ಎದುರು ನಿಂತು, ಗಡಿಯಲ್ಲಿ ಕೊನೆಯ ಬಸ್ಸಿಗೆ ಕರೆಯುವ ಹಾಗೆ "ನಿಲ್ಲು!" ಎಂದರು. ಪಾಪ, ಆ ಹುಡುಗ ಹೆಡ್‌ಫೋನ್ ಕಿತ್ತೆಸೆದು ಕುರ್ಚಿಯಿಂದ ಎದ್ದೇಬಿಟ್ಟ.

"ಅಣ್ಣ, ನಾವು ಇಲ್ಲೇ ಇದ್ದೇವೆ" ಎಂದ, ಕಿವಿ ಉಜ್ಜಿಕೊಳ್ಳುತ್ತಾ. "ಮೈಕ್ ಉಂಟಲ್ಲ, ಮೆಲ್ಲ ಹೇಳಿದ್ರೆ ಸಾಕು. ಮನಸ್ಸಿನಿಂದ ಹೇಳಿ."

ಮಾವ ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಲು ಕಲಿತರು. ಮಧ್ಯಾಹ್ನವಿಡೀ ಬೇಕಾಯಿತು. ಕೊನೆಗೆ ಆ ಹುಡುಗ ಕೇಳಿಸಿದಾಗ ನನಗೇ ಕಣ್ಣು ತುಂಬಿತು, ಅಷ್ಟು ಚಂದ ಬಂದಿತ್ತು. ಬಸ್ಸಿನಲ್ಲಿ ಬರುವಾಗ ಮಾವ ನನಗೇ ಪಾಠ ಮಾಡಿದರು. "ಸಿನಿಮಾ ಅಂದ್ರೆ ನಾಟಕದ ಹಾಗೆ ಅಲ್ಲ. ಬೊಬ್ಬೆ ಹಾಕ್ಲಿಕ್ಕಿಲ್ಲ. ಮನಸ್ಸಿನಿಂದ ಹೇಳುದು." ಈ ಪಾಠವನ್ನು ಅವರು ಹೇಳಿದ ಸ್ವರಕ್ಕೆ ಡ್ರೈವರು ಹಿಂದೆ ತಿರುಗಿ ನೋಡಿದ.

ಸಿನಿಮಾ ಬಿಡುಗಡೆಯಾದ ದಿನ ಮಾವ, ಅತ್ತೆ, ನಾನು ಮತ್ತು ಗಡಿಯ ಅರ್ಧ ಜನ ಮಂಗಳೂರಿಗೆ ಹೋದೆವು. ಅಜ್ಜಿಯನ್ನು ನಿರಾಳವಾಗಿ ಆದಿತ್ಯವಾರ ಕರೆದುಕೊಂಡು ಹೋಗುವುದೆಂದು ತೀರ್ಮಾನ. ಕ್ಲೈಮ್ಯಾಕ್ಸ್ ಬಂತು. ಹೀರೋ ಕತ್ತಿ ಎತ್ತಿದ. ಅಷ್ಟೇ! ಎಲ್ಲಿದ್ದವೋ ಅಷ್ಟು ಚೆಂಡೆಗಳು, ಎಲ್ಲವೂ ಒಮ್ಮೆಲೇ ಬಡಿಯಲು ಶುರು. ಮೇಲಿಂದ ಮಳೆ, ಗುಡುಗು, ಶಂಖ, ಯಾವುದೋ ಹೆಂಗಸರ ಗುಂಪಿನ ಆಲಾಪ. ಈ ಗಲಾಟೆಯ ನಡುವೆ ಲುಂಗಿ ಎತ್ತಿ ಕಟ್ಟಿದ ಮಾವ ಓಡಿ ಬಂದರು. ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು, ಮುಚ್ಚಿತು. ಹೀರೋ ಕತ್ತಿ ಬಿಸಾಡಿ ವಿಲನ್ನನ್ನು ಅಪ್ಪಿಕೊಂಡ.

"ನನ್ನ ಬಾಯಿ ಅಲ್ಲಾಡಿತಲ್ಲ?" ಎಂದು ಮಾವ ಕೇಳಿದರು. "ಅಲ್ಲಾಡಿತು, ಚಂದ ಅಲ್ಲಾಡಿತು" ಎಂದರು ಅತ್ತೆ.

ಸಂಗೀತ ಕೊಟ್ಟವರು ನಿರ್ದೇಶಕರ ಭಾವನಂತೆ. ಒಂದು ಚೆಂಡೆ ಕಡಿಮೆ ಮಾಡಿದ್ದರೂ ಅವರ ಮನೆಯಲ್ಲಿ ಜಗಳವಾಗುತ್ತಿತ್ತೇನೋ. ಮಾವ ನೇರ ಪ್ರೊಜೆಕ್ಟರ್ ಇದ್ದ ಕೋಣೆಗೆ ಹತ್ತಿ ಹೋಗಿ, ಮುಂದಿನ ಶೋದಲ್ಲಿ ಆ ಜಾಗಕ್ಕೆ ಬರುವಾಗ ಸೌಂಡು ಸ್ವಲ್ಪ ಏರಿಸಲು ಸಾಧ್ಯವೇ ಎಂದು ಕೇಳಿದರು. ಅಲ್ಲಿದ್ದವನು ತಾಳ್ಮೆಯ ಮನುಷ್ಯ. "ಏರಿಸಿದ್ರೆ ಚೆಂಡೆಯೂ ಏರ್ತದೆ, ಇಳಿಸಿದ್ರೆ ನೀವೂ ಇಳಿತೀರಿ. ನಿಮ್ಮೊಬ್ಬರನ್ನೇ ಏರಿಸುವ ಬಟನ್ ಇಲ್ಲ ಅಣ್ಣ" ಎಂದ.

ಮರುದಿನದಿಂದ ಗಡಿಯಲ್ಲಿ ಮಾವನ ಗತಿ ಕೇಳಬೇಡಿ. ಹೀರೋ ಯಾಕೆ ಕತ್ತಿ ಬಿಸಾಡಿದ ಎಂಬುದು ಚಹಾದಂಗಡಿಯಲ್ಲಿ ದೊಡ್ಡ ಚರ್ಚೆಯಾಯಿತು. ಪೊಲೀಸರು ಬಂದರೆಂದು ಹೇಳಿದ್ದಿರಬೇಕು ಎಂದರು ಕೆಲವರು. ಊಟಕ್ಕೆ ಕರೆದದ್ದು ಎಂದರು ಇನ್ನು ಕೆಲವರು. "ಲಾಸ್ಟ್ ಬಸ್ಸು ಹೊರಟಿತು ಅಂತ ಹೇಳಿದ್ದಲ್ವಾ? ಅದಕ್ಕೇ ಇಬ್ಬರೂ ಜಗಳ ಬಿಟ್ಟದ್ದು!" ಎಂದ ಒಬ್ಬ ಕಂಡಕ್ಟರು. ಮಾವ ಪ್ರತಿಯೊಬ್ಬನಿಗೂ ಡೈಲಾಗು ಹೇಳಿ ಹೇಳಿ ಸಾಕಾಗಿ, ಹಂಪನಕಟ್ಟೆ ಎಂದು ಕೂಗುವುದನ್ನೂ ಮೆಲ್ಲಗೆ ಮಾಡಿಬಿಟ್ಟರು. ಎರಡು ಬಸ್ಸು ಖಾಲಿ ಹೋದವಂತೆ.

ಅವರಿಗೆ ಊರಿನವರ ಚಿಂತೆ ಇರಲಿಲ್ಲ. ಆದಿತ್ಯವಾರದ ಚಿಂತೆ. "ಅಮ್ಮ ಮೊದಲ ಸಲ ಬರುದು" ಎಂದರು ನನ್ನ ಹತ್ತಿರ, ಅಂಗಳದ ಮೂಲೆಯಲ್ಲಿ ನಿಂತು. "ನಮಗೇ ಕೇಳ್ಲಿಲ್ಲ. ಅಮ್ಮನಿಗೆ ಎಲ್ಲಿ ಕೇಳ್ತದೆ ಹೇಳು." ಆ ಧ್ವನಿ ಎಷ್ಟು ಸಣ್ಣದಿತ್ತೆಂದರೆ ನನಗೆ ಹೆದರಿಕೆಯೇ ಆಯಿತು. ತಪ್ಪಿಸಲು ಅವರು ನೋಡಿದರು. ಸೀಟು ಸರಿ ಇಲ್ಲ ಎಂದರು, ಎ.ಸಿ. ಚಳಿ ಎಂದರು, ಕಥೆಯೇ ಬೋರು ಎಂದರು. ಅಜ್ಜಿ ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಸೀರೆಗೆ ಇಸ್ತ್ರಿ ಹಾಕಿಸಿಯಾಗಿತ್ತು.

ಅಷ್ಟರಲ್ಲಿ ಯಾರೋ ಹೇಳಿದರು, ಕಾಸರಗೋಡಿನ ಒಂದು ಥಿಯೇಟರಿನಲ್ಲಿಯೂ ಸಿನಿಮಾ ಬಂದಿದೆ, ಅಲ್ಲಿಯ ಸ್ಪೀಕರು ಓಬೀರಾಯನ ಕಾಲದ್ದು, ಚೆಂಡೆ ಗಿಂಡೆ ಸರಿಯಾಗಿ ಬರುವುದೇ ಇಲ್ಲ ಎಂದು. ಮಾವನಿಗೆ ಹೋದ ಜೀವ ಬಂತು. ಆದಿತ್ಯವಾರ ಒಂದು ಜೀಪು ಮಾಡಿ, ಅಜ್ಜಿಯನ್ನು ಮುಂದೆ ಕೂರಿಸಿ, ಗಡಿಯ ಗೆಳೆಯರನ್ನು ಹಿಂದೆ ತುರುಕಿ ಹೊರಟೆವು. ಯಾವುದಕ್ಕೂ ಇರಲಿ ಎಂದು ಅತ್ತೆ ದೀಪದ ಬತ್ತಿಗೆ ಇಟ್ಟಿದ್ದ ಹತ್ತಿಯನ್ನು ಎಲ್ಲರಿಗೂ ಹಂಚಿದರು. ಅಜ್ಜಿ ಮಾತ್ರ ತೆಗೆದುಕೊಳ್ಳಲಿಲ್ಲ. "ಕೇಳ್ಲಿಕ್ಕೆ ಹೋಗುದಾ, ಕಿವಿ ಮುಚ್ಲಿಕ್ಕೆ ಹೋಗುದಾ?" ಎಂದರು.

ಥಿಯೇಟರಿನ ಗೇಟಿನಲ್ಲಿ ಇಷ್ಟುದ್ದದ ಬ್ಯಾನರು. ಅದರಲ್ಲಿ ಮಲಯಾಳದಲ್ಲಿ ಬರೆದಿತ್ತು: ಪ್ರೇಕ್ಷಕರ ಬೇಡಿಕೆಯ ಮೇರೆಗೆ ಹೊಸ ಸೌಂಡ್ ಸಿಸ್ಟಂ ಅಳವಡಿಸಲಾಗಿದೆ. ಮಾವ ಅದನ್ನು ಎರಡು ಸಲ ಓದಿದರು. ಅಜ್ಜಿಯ ಕೈಹಿಡಿದು ಒಳಗೆ ಹೋದರು.

ಒಳಗೆ ನಮ್ಮ ಎದೆಯ ಮೂಳೆಗಳೇ ತಾಳ ಹಾಕುತ್ತಿದ್ದವು. ಅಜ್ಜಿ ಮಾತ್ರ ಪಾಪ್‌ಕಾರ್ನ್ ಅನ್ನು ಬಾಯಲ್ಲಿ ನೆನೆಸಿ ನೆನೆಸಿ ತಿನ್ನುತ್ತಾ ಹಾಯಾಗಿದ್ದರು. ಒಂದೊಂದು ದೃಶ್ಯಕ್ಕೂ "ಇವ ಎಲ್ಲಿ? ಬಂದ್ನಾ?" ಎಂದು ಪಕ್ಕದಲ್ಲೇ ಕೂತ ಮಗನನ್ನೇ ಕೇಳುವುದು. ಕ್ಲೈಮ್ಯಾಕ್ಸ್ ಬರುವಾಗ ಮಾವ ಕಣ್ಣು ಮುಚ್ಚಿಕೊಂಡರು. ಕತ್ತಿ ಮೇಲೆದ್ದಿತು. ಚೆಂಡೆ, ಮಳೆ, ಗುಡುಗು, ಶಂಖ, ಹೆಂಗಸರು, ಎಲ್ಲ ಬಂತು. ಪರದೆಯ ಮೇಲೆ ಮಾವ ಓಡಿ ಬಂದರು.

"ಓ, ನನ್ನ ಮಗ!" ಎಂದು ಅಜ್ಜಿ ಎದ್ದೇ ನಿಂತರು. ಬಾಯಿ ತೆರೆಯಿತು, ಮುಚ್ಚಿತು. ಹೀರೋ ವಿಲನ್ನನ್ನು ಅಪ್ಪಿಕೊಂಡ. ಚೆಂಡೆ ನಿಂತು ಒಂದು ಕೊಳಲು ಶುರುವಾಯಿತು.

ಆ ಕೊಳಲಿನ ನಡುವೆ, ಕಿವಿ ಕೇಳದವರಿಗೆ ಇರುವ ದೊಡ್ಡ ಸ್ವರದಲ್ಲಿ ಅಜ್ಜಿ ಕೇಳಿದರು. "ಎಂತ ಹೇಳಿದ? ನನಗೆ ಕೇಳ್ಲಿಲ್ಲ!"

ಹಿಂದಿನ ಸಾಲಿನಿಂದ ಯಾರೋ ಗುರುತಿಲ್ಲದವರು ಹೇಳಿದರು. "ನಮಗೂ ಕೇಳ್ಲಿಲ್ಲ ಅಜ್ಜಿ!" ಎಲ್ಲೆಲ್ಲಿಂದಲೋ "ಹೌದು, ಹೌದು" ಎಂದು ಸ್ವರಗಳು ಬಂದವು. ಗಡಿಯ ಗೆಳೆಯರಿಗೆ ಇಷ್ಟು ಸಾಕಾಯಿತು. ಹತ್ತಿ ಕಿತ್ತು, ನಾಟಕದ ಪೆಂಡಾಲಿನಲ್ಲಿ ಕೂತ ಹಾಗೆಯೇ ಬೊಬ್ಬೆ ಹೊಡೆದರು. "ಕೇಳುದಿಲ್ಲ! ಇನ್ನೊಮ್ಮೆ ಹೇಳಿ!"

ಮಾವ ಕಣ್ಣು ಬಿಟ್ಟರು. ಅಜ್ಜಿಯ ಮುಖ ನೋಡಿದರು. ಎದ್ದು ನಿಂತು, ಲುಂಗಿ ಇಲ್ಲದಿದ್ದರೂ ಪ್ಯಾಂಟನ್ನೇ ಸ್ವಲ್ಪ ಮೇಲೆಳೆದು, ನಾಟಕದ ಕ್ರಮ ತಪ್ಪದ ಹಾಗೆ ಎರಡು ಹೆಜ್ಜೆ ಮುಂದೆ ಬಂದು ನಡುದಾರಿಯಲ್ಲಿ ನಿಂತರು. ಮೆಲ್ಲ, ಮನಸ್ಸಿನಿಂದ, ಮೈಕು ಎಂಬ ಡಬ್ಬಿಂಗಿನ ಪಾಠವನ್ನೆಲ್ಲ ಬಿಟ್ಟರು. ಗಡಿಯ ಸ್ವರ ಬಂತು.

"ನಿಲ್ಲು! ನಿನ್ನ ತಮ್ಮನನ್ನು ಹೊಳೆಯಿಂದ ಎತ್ತಿ ಬದುಕಿಸಿದ್ದೇ ಇವನು!"

ಹೊಸ ಸೌಂಡ್ ಸಿಸ್ಟಂ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. "ಓ... ಹಾಗಾ!" ಎಂದು ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಚಪ್ಪಾಳೆ, ಶಿಳ್ಳೆ. ಬಾಗಿಲಿನಿಂದ ಟಾರ್ಚು ಹಿಡಿದು ಬಯ್ಯಲೆಂದು ಓಡಿ ಬಂದವನೂ ಕಥೆ ಅರ್ಥವಾದ ಖುಷಿಗೆ ಟಾರ್ಚಿನ ಬೆಳಕನ್ನು ಮಾವನ ಮೇಲೆ ಬಿಟ್ಟು ನಿಂತುಕೊಂಡ. ನಾನು ನಗುತ್ತಿದ್ದೆ, ಅಳುತ್ತಲೂ ಇದ್ದೆ.

ಮಾವ ವಾಪಸು ಬಂದು ಸೀಟಿನಲ್ಲಿ ಕೂತರು. ಅಜ್ಜಿಯ ಕಡೆ ಬಾಗಿ, ಡಬ್ಬಿಂಗಿನ ಹುಡುಗ ಕಲಿಸಿದ ಆ ಸಣ್ಣ ಸ್ವರದಲ್ಲಿ ಕೇಳಿದರು. "ಕೇಳಿತಾ ಅಮ್ಮ?"

ಅಜ್ಜಿಗೆ ಆ ಪ್ರಶ್ನೆ ಕೇಳಲಿಲ್ಲ. ಮಗನ ತೊಡೆಗೆ ಒಂದು ಪೆಟ್ಟು ಕೊಟ್ಟು, ಆ ಕೈಯನ್ನು ಅಲ್ಲೇ ಇಟ್ಟುಕೊಂಡು, ಪರದೆಯ ಕಡೆ ತಿರುಗಿದರು.

"ಮೆಲ್ಲ ಮಾತಾಡು ಮಾರಾಯ. ಸಿನಿಮಾ ನಡೀತಾ ಉಂಟು."