ರೂಟ್ ಇಲ್ಲದ ದೂಜಾ

ಸ್ಫಾಕ್ಸ್ ಊರಿನ ಎಣ್ಣೆ ಪರೀಕ್ಷಾಲಯದಲ್ಲಿ ದೂಜಾ ಹನ್ನೊಂದು ವರ್ಷ ಬಾಟಲಿ ತೊಳೆದಳು. ಗಾಣದವರು ತರುವ ಆಲಿವ್ ಎಣ್ಣೆಯ ಸ್ಯಾಂಪಲ್ ಬಾಟಲಿಗಳು ಅವು. ಒಂದರ ಜಿಡ್ಡು ಇನ್ನೊಂದಕ್ಕೆ ತಾಗಿದರೆ ಬಂಗಾರದಂಥ ಎಣ್ಣೆಯೂ ಕಳಪೆ ಎಂದು ಬರೆಸಿಕೊಂಡು ಮನೆಗೆ ಹೋಗುತ್ತದೆ. ಅದಕ್ಕೇ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಪ್ರತಿ ಬಾಟಲಿಯನ್ನೂ ಮೂರು ಸಲ ತೊಳೆಯಬೇಕು. ಚಳಿಗಾಲ ಬಂದರೆ ಅವಳ ಬೆರಳ ಸಂದಿಗಳು ಬಿರಿದು, ರೊಟ್ಟಿ ಮುರಿಯುವಾಗಲೂ ಕಣ್ಣಲ್ಲಿ ನೀರು ಬರುತ್ತಿತ್ತು.

ಹನ್ನೆರಡನೆಯ ವರ್ಷ, ಫಲಿತಾಂಶಗಳನ್ನು ಕಂಪ್ಯೂಟರಿಗೆ ಹಾಕುತ್ತಿದ್ದ ಗುಮಾಸ್ತ ಮದುವೆಯಾಗಿ ಫ್ರಾನ್ಸಿಗೆ ಹೊರಟುಹೋದ. ಓದು ಬರಹ ಬರುತ್ತದಲ್ಲ, ಎರಡು ದಿನ ಕೂತಿರಲಿ ಎಂದು ದೂಜಾಳನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಆ ಎರಡು ದಿನಕ್ಕೆ ಈಗ ಒಂಬತ್ತು ವರ್ಷ ತುಂಬಿದೆ. ಕಚೇರಿಯ ಪುಸ್ತಕದಲ್ಲಿ ಮಾತ್ರ ಅವಳಿನ್ನೂ ಬಾಟಲಿ ತೊಳೆಯುವವಳೇ. ಸರ್ಕಾರಿ ಪುಸ್ತಕಗಳಿಗೆ ಮನುಷ್ಯರು ಬದಲಾಗುವುದು ಬೇಗ ತಿಳಿಯುವುದಿಲ್ಲ.

ಕುರ್ಚಿ ಅವಳದಾದರೂ ಯಂತ್ರ ಅವಳದಲ್ಲ. ಮೂಲೆಯ ಗಾಜಿನ ಕೋಣೆಯಲ್ಲಿ ಗುಂಯ್‌ಗುಡುವ ಸರ್ವರಿಗೆ ಯಜಮಾನ ಸೀ ಮೊಂಜಿ; ಸೀ ಎಂದರೆ ಆ ಕಡೆ ಶ್ರೀಮಾನ್. ಆ ಯಂತ್ರದಲ್ಲಿ ಏನನ್ನು ಬೇಕಾದರೂ ಹಾಕುವ, ತೆಗೆಯುವ ಅಧಿಕಾರದ ಖಾತೆಗೆ ರೂಟ್ ಎಂದು ಹೆಸರು. ಅದರ ಪಾಸ್‌ವರ್ಡ್ ಸೀ ಮೊಂಜಿಯ ತಲೆಯಲ್ಲಿ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇರಲಿಲ್ಲ. ಕೆಟ್ಟ ಮನುಷ್ಯನಲ್ಲ, ಹಬ್ಬಕ್ಕೆ ಎಲ್ಲರ ಮನೆಗೂ ಒಣದ್ರಾಕ್ಷಿಯ ಗೊಜ್ಜು ಶರ್ಮೂಲಾ ಕಳಿಸುವವನು. ಆದರೆ ರೂಟ್ ವಿಷಯ ಬಂತೆಂದರೆ ಹಾವಿನ ಹೆಡೆಯ ಹಾಗೆ ಮೇಲೇಳುತ್ತಿದ್ದ.

ಸಮಸ್ಯೆ ಶುರುವಾಗುವುದು ಕಾಯಿ ಕೀಳುವ ಕಾಲದಲ್ಲಿ. ದಿನಕ್ಕೆ ಮುನ್ನೂರು ಸ್ಯಾಂಪಲ್ಲು. ಫಲಿತಾಂಶದ ಒಂದೊಂದು ಹಾಳೆ ಮುದ್ರಣವಾದಾಗಲೂ ಅದರದೊಂದು ನಕಲು ಸರ್ವರಿನಲ್ಲಿ ಉಳಿದುಬಿಡುತ್ತಿತ್ತು. ನಕಲು ತುಂಬಿ ಜಾಗ ಮುಗಿದರೆ ಯಂತ್ರ ಉಸಿರು ಬಿಗಿಹಿಡಿದು ಕೂರುತ್ತಿತ್ತು. ಹೊರಗೆ ಗಾಣದವರ ಸಾಲು ಗೇಟಿನವರೆಗೆ. ಸೀ ಮೊಂಜಿಯೋ ಕಾಫಿ ಅಂಗಡಿಯಲ್ಲಿ. ಬೈಗುಳವೆಲ್ಲ ಕಿಟಕಿಯಲ್ಲಿ ಕೂತ ದೂಜಾಳಿಗೆ.

"ಅಕ್ಕಾ, ಎಣ್ಣೆ ಕೊಳ್ಳೋ ಹಡಗು ಹೊರಟೋಗತ್ತೆ, ನಿಮ್ ಡಬ್ಬಕ್ಕೆ ಏನಾಗಿದೆ?"

"ಅದಕ್ಕೆ ಹೊಟ್ಟೆ ತುಂಬಿದೆ ತಮ್ಮಾ, ನಿಂಗೆ ಖಾಲಿ. ಇಬ್ರೂ ಸ್ವಲ್ಪ ತಡ್ಕೊಳಿ."

ನಗಿಸುತ್ತಿದ್ದಳು, ಒಳಗೊಳಗೇ ಕುದಿಯುತ್ತಿದ್ದಳು. ಯಂತ್ರವನ್ನು ಕಾವಲು ಕಾದು, ಜಾಗ ತುಂಬುವ ಮೊದಲೇ ಹಳೆಯ ನಕಲು ಗುಡಿಸಿಹಾಕುವ ಸಾಫ್ಟ್‌ವೇರ್ ಇದೆಯೆಂದು ಅವಳು ಓದಿದ್ದಳು. ಪುಕ್ಕಟೆ ಸಿಗುತ್ತದೆ. ಹಾಕಿಸಿ ಎಂದು ಕೇಳಿದಳು.

"ನನ್ ಯಂತ್ರದಲ್ಲಿ ಏನಿರ್ಬೇಕು ಅಂತ ನೀನು ಹೇಳ್ತೀಯಾ?" ಸೀ ಮೊಂಜಿ ಕನ್ನಡಕ ಮೇಲೆತ್ತಿದ. "ನೋಡು ದೂಜಾ, ಅದರ ತಂಟೆಗೆ ಬಂದೆ ಅಂತ ಗೊತ್ತಾದ್ರೆ ವಾಪಸ್ ಬಾಟಲಿಗೆ. ಪುಸ್ತಕದಲ್ಲಿ ನೀನು ಇನ್ನೂ ಅಲ್ಲೇ ಇದೀಯ, ಮರೀಬೇಡ."

ಅವಳು ಮರೆತಿರಲಿಲ್ಲ. ತನ್ನ ಬೆರಳುಗಳನ್ನು ನೋಡಿಕೊಂಡಳು. ಹೆದರಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟೂ ಬಂತು.

ಸ್ಫಾಕ್ಸಿನವರು ಊಟಕ್ಕೆ ಮನೆಗೆ ಹೋಗುತ್ತಾರೆ. ಸೀ ಮೊಂಜಿ ಊಟದ ಮೇಲೊಂದು ನಿದ್ದೆಯನ್ನೂ ಮುಗಿಸಿ ಎರಡಕ್ಕೆ ಬರುತ್ತಿದ್ದ. ಆ ಒಂದೂವರೆ ಗಂಟೆ ಪರೀಕ್ಷಾಲಯದಲ್ಲಿ ಉಳಿಯುವವರು ದೂಜಾ, ಅವಳ ಮೀನಿನ ಬುತ್ತಿ, ಯಂತ್ರದ ಗುಂಯ್‌ಗಾನ, ಇಷ್ಟೇ. ನವೆಂಬರಿನ ಒಂದು ಮಧ್ಯಾಹ್ನ ಅವಳು ಕೈಚೀಲದಿಂದ ಪೆನ್ ಡ್ರೈವ್ ತೆಗೆದಳು. ಅದರಲ್ಲಿದ್ದದ್ದು ಸಿದ್ಧ ಸಾಫ್ಟ್‌ವೇರ್ ಅಲ್ಲ, ಅದರ ಮೂಲ ಬರಹ, ಸೋರ್ಸ್ ಕೋಡ್. ಡಬ್ಬಿಯ ಹರೀಸಾ ಖಾರ ತಂದು ಮುಚ್ಚಳ ತೆಗೆದ ಹಾಗಲ್ಲ ಇದು. ಒಣಮೆಣಸಿನಕಾಯಿ ತಂದು, ಬೀಜ ತೆಗೆದು, ನೆನೆಹಾಕಿ ಮನೆಯಲ್ಲೇ ಅರೆದ ಹಾಗೆ.

ಅರೆಯುವುದೇನೋ ಆಯಿತು. ಯಂತ್ರ ಇಪ್ಪತ್ತು ನಿಮಿಷ ಸಾಲು ಸಾಲು ಅಕ್ಷರ ಉಗುಳಿ ಕಟ್ಟಿ ಮುಗಿಸಿತು. ಇನ್ನು ಜಾಗದಲ್ಲಿ ಕೂರಿಸಬೇಕು. ಸಾಫ್ಟ್‌ವೇರಿನ ಜೊತೆ ಬಂದಿದ್ದ ಕೈಪಿಡಿಯ ಸಾಲನ್ನು ಅವಳು ಹಾಗೆಯೇ ಬಡಿದಳು. ಆ ಸಾಲಿನ ಮೊದಲ ಪದಕ್ಕೆ 'ನಾನೇ ಯಜಮಾನ ಅಂದುಕೊಂಡು ಇದನ್ನು ಮಾಡು' ಎಂಬ ಅರ್ಥವಿದೆಯೆಂದು ಪಾಪ ಅವಳಿಗೆ ಗೊತ್ತಿರಲಿಲ್ಲ. ಯಂತ್ರ ಉತ್ತರಿಸಿತು: ಈ ಬಳಕೆದಾರರಿಗೆ ಆ ಹಕ್ಕಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು.

ವರದಿ ಯಾರಿಗೆ? ಇನ್ಯಾರಿಗೆ, ರೂಟಿಗೆ! ದೂಜಾ ಪೆನ್ ಡ್ರೈವ್ ಕಿತ್ತು ಕೈಚೀಲಕ್ಕೆ ತುರುಕಿದಳು. ಆ ಮಧ್ಯಾಹ್ನ ಸೀ ಮೊಂಜಿ ಬಂದವನು "ಚಳಿ ಜಾಸ್ತಿ ಅಲ್ವಾ" ಎಂದದ್ದಕ್ಕೂ ಅವಳು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡಳು. ಒಂದು ದಿನ ಹೋಯಿತು, ಒಂದು ವಾರ ಹೋಯಿತು. ಯಾರೂ ಏನೂ ಕೇಳಲಿಲ್ಲ.

ಮನೆಯಲ್ಲಿ ಅವಳೂ ಅವಳ ತಾಯಿಯೂ ಇಬ್ಬರೇ. ಮೀನಿನ ಕುಸ್‌ಕುಸ್ ಬಡಿಸುತ್ತ ಮುದುಕಿ ಕೇಳಿದಳು: "ಏನೇ, ಮುಖ ಹುಳಿ ಮಜ್ಜಿಗೆ ಕುಡಿದ್ಹಾಗೆ?"

"ಏನಿಲ್ಲ ಉಮ್ಮಿ. ಒಬ್ಬ ಕಾವಲುಗಾರನ್ನ ಇಡ್ಬೇಕು. ಜಾಗದ ಬೀಗದ ಕೈ ಮೊಂಜಿ ಹತ್ರ ಇದೆ."

"ಅವನ ಜಾಗ ಯಾಕೆ ಬೇಕು? ನಿಂಗೆ ಅಂತ ಅಲ್ಲಿ ಒಂದು ಮೊಳ ಜಾಗಾನೂ ಕೊಟ್ಟಿಲ್ವಾ?" ಮುದುಕಿ ನೆಲವನ್ನು ಕಾಲಿನಿಂದ ತಟ್ಟಿದಳು. ಅಂಗಳದ ಕೆಳಗೆ ಅವಳ ಮಾವ ತೋಡಿಸಿದ ಮಳೆನೀರಿನ ತೊಟ್ಟಿಯಿತ್ತು. "ಊರಿಗೆ ನೀರು ಬಿಡೋನ ಕಾಲು ಹಿಡಿದಿದ್ರೆ ನಿಮ್ಮನ್ನೆಲ್ಲ ಸಾಕ್ತಿದ್ನಾ ನಾನು? ತಿನ್ನು."

ದೂಜಾ ಚಮಚ ಕೆಳಗಿಟ್ಟಳು. ಜಾಗ ಕೊಟ್ಟಿದ್ದರು. ಸರ್ವರಿನಲ್ಲಿ ಅವಳ ಹೆಸರಿನದೇ ಒಂದು ಫೋಲ್ಡರ್ ಇತ್ತು. ಅದರೊಳಗೆ ಅವಳು ಬರೆಯಬಹುದು, ಅಳಿಸಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಸಾಫ್ಟ್‌ವೇರನ್ನು ಕಟ್ಟುವಾಗಲೇ 'ನಿನ್ನ ಮನೆ ಇದು, ಊರ ಚಾವಡಿ ಅಲ್ಲ' ಎಂದು ಹೇಳಿಬಿಟ್ಟರೆ ಅದು ಅಲ್ಲೇ ಕೂರುತ್ತದೆ. ಗುಡಿಸಬೇಕಾದ ನಕಲುಗಳೂ ಅವಳ ಹೆಸರಲ್ಲೇ ಹುಟ್ಟುವಂಥವು, ಏಕೆಂದರೆ ಮುದ್ರಿಸುವವಳು ಅವಳೇ. ತನ್ನ ಕಸ ತಾನು ಗುಡಿಸಲು ಯಾವ ಅಪ್ಪಣೆ ಬೇಕು!

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಹೇಳುವುದು ಸುಲಭ. ಆ ಸಾಫ್ಟ್‌ವೇರಿಗೆ ಇನ್ನೊಂದು ಬೇಕಿತ್ತು, ಆ ಇನ್ನೊಂದಕ್ಕೆ ಮತ್ತೆರಡು. ಎಲ್ಲವನ್ನೂ ಮೂಲದಿಂದ ಕಟ್ಟಿ ತನ್ನ ಫೋಲ್ಡರಿನಲ್ಲೇ ಜೋಡಿಸಬೇಕು. ಪೋರ್ಟ್ ಎಂಬ ಅಂಕಿ ಹಾಕಿದ ಬಾಗಿಲಿನ ಮೂಲಕ ಅದು ಪರದೆಯೊಡನೆ ಮಾತಾಡಬೇಕು; ಸಣ್ಣ ಅಂಕಿಯ ಬಾಗಿಲುಗಳಲ್ಲಿ ಕೂರಲು ಯಂತ್ರ ಬಿಡಲಿಲ್ಲ, ಅವೆಲ್ಲ ರೂಟಿಗೆ ಮೀಸಲಂತೆ. ಅವಳು ದೊಡ್ಡ ಅಂಕಿಯ ಒಂದು ಬಾಗಿಲು ಹಿಡಿದಳು. ಒಂದೊಂದು ತಪ್ಪನ್ನೂ ಅದರ ಮದ್ದನ್ನೂ ಚೌಕುಳಿ ಗೆರೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಹದಿನೆಂಟು ಊಟದ ಹೊತ್ತುಗಳು ಹೋದವು. ಹತ್ತೊಂಬತ್ತನೆಯ ದಿನ ಅವಳ ಪರದೆಯ ಮೇಲೆ ಒಂದು ಹಸಿರು ಗೆರೆ ಮೂಡಿ, ಜಾಗ ತುಂಬಿದಂತೆ ಏರಿ, ಕಾವಲುಗಾರ ಗುಡಿಸಿದ ಕೂಡಲೇ ಇಳಿಯಿತು. ದೂಜಾ ಖಾಲಿ ಪರೀಕ್ಷಾಲಯದಲ್ಲಿ ನಾಲಿಗೆ ಹೊರಳಿಸಿ ಮದುವೆಮನೆಯ ಕೇಕೆ ಹಾಕಿದಳು. ಐವತ್ತೊಂದರ ಹೆಂಗಸು! ಯಾರೂ ಕೇಳಲಿಲ್ಲ, ಪುಣ್ಯ.

ಡಿಸೆಂಬರ್ ಪೂರ್ತಿ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. "ನಾನು ಇಟ್ಕೊಂಡಿರೋ ರೀತಿ ಹಾಗಿದೆ" ಎಂದು ಸೀ ಮೊಂಜಿ ಕಾಫಿ ಅಂಗಡಿಯಲ್ಲಿ ಹೇಳಿಕೊಂಡ.

ಜನವರಿಯಲ್ಲಿ ರಾಜಧಾನಿಯಿಂದ ತಪಾಸಣೆಗೆ ಒಬ್ಬಳು ಬಂದಳು. ರಿಹಾಬ್ ಎಂದು ಹೆಸರು, ಮೂವತ್ತು ದಾಟಿರಲಿಲ್ಲ, ಮುಖದಲ್ಲಿ ನಗೆ ಹುಡುಕಬೇಕು. ಸೀ ಮೊಂಜಿಯಿಂದ ರೂಟ್ ಖಾತೆ ತೆರೆಸಿ, ಅದರ ಅಂಚೆಪೆಟ್ಟಿಗೆಯನ್ನು ಓದುತ್ತ ಹೋದಳು. ಹತ್ತು ನಿಮಿಷದಲ್ಲಿ ದೂಜಾಳಿಗೆ ಕರೆ ಬಂತು.

"ನವೆಂಬರ್ ಎರಡು, ಹನ್ನೆರಡು ಐವತ್ತೊಂದು. ನೀವು ರೂಟ್ ಆಗೋಕೆ ನೋಡಿದ್ರಿ. ಈಗ ನಿಮ್ಮ ಹೆಸರಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಪ್ರೋಗ್ರಾಂ ಓಡ್ತಿದೆ. ಪಾಸ್‌ವರ್ಡ್ ಯಾರು ಕೊಟ್ರು?"

ಸೀ ಮೊಂಜಿ ಕೆಂಪಾದ. "ಬೀಗ ಒಡೆದಿದಾಳೆ! ಬಾಟಲಿ ತೊಳಿಯೋಳನ್ನ ತಂದು ಕುರ್ಚಿ ಮೇಲೆ ಕೂರಿಸಿದ್ದಕ್ಕೆ! ನಾಳೆಯಿಂದ ಸಿಂಕಿಗೆ ನಡಿ!"

ದೂಜಾ ನಿಂತಲ್ಲಿಂದ ಕದಲಲಿಲ್ಲ. "ಒಂದ್ಸಲ ಬಾಗಿಲು ತಟ್ಟಿದ್ದು ನಿಜ, ಗೊತ್ತಿಲ್ದೆ. ಇಲ್ಲ ಅಂತು. ವಾಪಸ್ ಬಂದೆ. ಆಮೇಲೆ ಮಾಡಿದ್ದೆಲ್ಲ ನನ್ ಫೋಲ್ಡರಲ್ಲಿ. ಹೊರಗೆ ಒಂದು ಕಡ್ಡಿನೂ ಅಲ್ಲಾಡ್ಸಿಲ್ಲ."

"ಹಾಗಂತ ಎಲ್ರೂ ಹೇಳ್ತಾರೆ," ಎಂದಳು ರಿಹಾಬ್. "ಏನು ಸಾಕ್ಷಿ?"

ದೂಜಾ ಒಂದು ಕ್ಷಣ ಆ ಹಸಿರು ಗೆರೆಯನ್ನು ನೋಡಿದಳು. ಹದಿನೆಂಟು ಊಟದ ಹೊತ್ತು ನುಂಗಿದ ಗೆರೆ ಅದು. ಆಮೇಲೆ ಕಾವಲುಗಾರನನ್ನು ನಿಲ್ಲಿಸಿ, ಒಂದೇ ಸಾಲು ಬಡಿದು, ಅವನಿದ್ದ ಫೋಲ್ಡರನ್ನು ಪೂರ್ತಿ ಅಳಿಸಿಬಿಟ್ಟಳು. ಗೆರೆ ಮಾಯವಾಯಿತು.

"ಹುಡುಕಿ ಮೇಡಂ. ನನ್ ಫೋಲ್ಡರಿನ ಹೊರಗೆ ಏನಾದ್ರೂ ಉಳಿದಿದ್ರೆ ಸಿಂಕಿಗೆ ನಾನೇ ಹೋಗ್ತೀನಿ."

ರಿಹಾಬ್ ಯಜಮಾನನ ಖಾತೆಯಿಂದಲೇ ಯಂತ್ರವನ್ನೆಲ್ಲ ಜಾಲಾಡಿದಳು. ಮುಕ್ಕಾಲು ಗಂಟೆ; ಅಷ್ಟು ಹೊತ್ತೂ ದೂಜಾ ಕಿಟಕಿಯ ಸಾಲಿಗೆ ಹಾಳೆ ಮುದ್ರಿಸಿ ಕೊಡುತ್ತಲೇ ಇದ್ದಳು. ಒಂದು ಕೂದಲೂ ಸಿಗಲಿಲ್ಲ. ಆದರೆ ಅಂಚೆಪೆಟ್ಟಿಗೆಯಲ್ಲಿ ಬೇರೆಯೇನೋ ಸಿಕ್ಕಿತ್ತು.

"ಸೀ ಮೊಂಜಿ, ಇದರಲ್ಲಿ 'ಜಾಗ ತುಂಬ್ತಿದೆ, ನೋಡಿ' ಅಂತ ಎರಡು ಸಾವಿರದ ಮುನ್ನೂರು ಪತ್ರ ಇದೆ. ಒಂದನ್ನೂ ತೆರೆದಿಲ್ಲ."

"ನಾನು... ಒಟ್ಟಿಗೆ ಓದೋಣ ಅಂತಿದ್ದೆ."

"ಹೋದ ತಿಂಗಳು, ಡಿಸೆಂಬರಲ್ಲಿ ಮಾತ್ರ ಒಂದೂ ಇಲ್ಲ. ಯಾಕೆ?"

ಅಷ್ಟರಲ್ಲಿ ಕಿಟಕಿಯ ಹೊರಗೆ ಗಲಾಟೆ ಎದ್ದಿತ್ತು. ಕಾವಲುಗಾರ ಹೋದ ಮೇಲೆ ನಕಲುಗಳು ತುಂಬಿ ಯಂತ್ರ ಮತ್ತೆ ಉಸಿರು ಬಿಗಿಹಿಡಿದಿತ್ತು.

"ಅಕ್ಕಾ! ಮತ್ತೆ ಹೊಟ್ಟೆ ತುಂಬ್ತಾ ನಿಮ್ ಡಬ್ಬಕ್ಕೆ? ಒಂದು ತಿಂಗಳು ಪಥ್ಯದಲ್ಲಿತ್ತಲ್ಲ!"

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ರಿಹಾಬ್ ಕಿಟಕಿಯ ಕಡೆ ನೋಡಿದಳು, ದೂಜಾಳ ಕಡೆ ನೋಡಿದಳು, ಮೊದಲ ಸಲ ನಕ್ಕಳು. "ಅದನ್ನ ವಾಪಸ್ ಹಾಕೋಕೆ ಎಷ್ಟು ದಿನ ಬೇಕು?"

ದೂಜಾ ಕೈಚೀಲದಿಂದ ಪೆನ್ ಡ್ರೈವನ್ನೂ ಎಣ್ಣೆ ಕಲೆಯ ನೋಟ್‌ಬುಕ್ಕನ್ನೂ ತೆಗೆದು ಮೇಜಿನ ಮೇಲಿಟ್ಟಳು. "ಮೊದಲನೇ ಸಲ ಹದಿನೆಂಟು ದಿನ ಹಿಡೀತು. ಈಗ ಒಂದು ಗಂಟೆ ಕೊಡಿ."

ಐವತ್ತು ನಿಮಿಷ ಸಾಕಾಯಿತು. ರಿಹಾಬ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು ನೋಟ್‌ಬುಕ್ಕಿನ ಪುಟಗಳ ಫೋಟೋ ಹಿಡಿದುಕೊಂಡಳು, ಉಳಿದ ಊರುಗಳ ಪರೀಕ್ಷಾಲಯಗಳಿಗೂ ಬೇಕಂತೆ. ಹೊರಡುವಾಗ ತನ್ನ ವರದಿಯ ಕೊನೆಯ ಸಾಲನ್ನು ದೂಜಾಳಿಗೇ ಓದಲು ಕೊಟ್ಟಳು. ಪುಸ್ತಕದಲ್ಲಿ ಇವರ ಹೆಸರಿನ ಮುಂದೆ ಬಾಟಲಿ ಎಂಬುದನ್ನು ಹೊಡೆದುಹಾಕಿ ಸರ್ವರ್ ಮೇಲ್ವಿಚಾರಕಿ ಎಂದು ಬರೆಯತಕ್ಕದ್ದು, ಎಂದಿತ್ತು. ದೂಜಾ ಅದನ್ನು ಎರಡು ಸಲ ಓದಿದಳು. ಮೂರನೆಯ ಸಲ ಅಕ್ಷರ ಕಾಣಲಿಲ್ಲ, ಕಣ್ಣು ತುಂಬಿತ್ತು.

ಸೀ ಮೊಂಜಿ ಮೂರು ದಿನ ಕಾಫಿ ಅಂಗಡಿಯಲ್ಲೇ ಕಳೆದ. ನಾಲ್ಕನೆಯ ದಿನ ಎರಡು ಗ್ಲಾಸು ಪುದೀನಾ ಚಹಾ ತಂದು ಅವಳ ಮೇಜಿನ ಮೇಲಿಟ್ಟು ಗಂಟಲು ಸರಿಮಾಡಿಕೊಂಡ.

"ಆ ಹಸಿರು ಗೆರೆ... ನಂಗೂ ಕಾಣೋ ಹಾಗೆ ಮಾಡಕ್ಕಾಗತ್ತಾ?"

"ಯಾಕಾಗಲ್ಲ? ಕಾವಲುಗಾರನಲ್ಲಿ ನಿಮ್ಗೊಂದು ಖಾತೆ ತೆರೆದು ಕೊಡ್ತೀನಿ. ಪಾಸ್‌ವರ್ಡ್ ನೀವೇ ಹಾಕಿ. ನಂಗೆ ಹೇಳ್ಬೇಡಿ."

ಅವನು ಪಕ್ಕದ ಕಂಪ್ಯೂಟರಿಗೆ ತಿರುಗಿ ಕೂತು ಎರಡು ಬೆರಳಲ್ಲಿ ಟೈಪ್ ಮಾಡಿದ. ಗೆರೆ ಬಂತು. ಸ್ವಲ್ಪ ಹೊತ್ತು ಅದರ ಏರಿಳಿತ ನೋಡಿ ತಲೆದೂಗಿದ. ಆಮೇಲೆ ಅವಳ ಪರದೆ ನೋಡಿದ, ತನ್ನದನ್ನು ನೋಡಿದ.

"ನಿಂದರಲ್ಲಿ ಶುರು ಮಾಡೋದು, ನಿಲ್ಸೋದು ಅಂತ ಗುಂಡಿ ಇದೆ. ನಂದರಲ್ಲಿ ಇಲ್ವಲ್ಲ?"

"ನೀವು ನೋಡ್ಬಹುದು ಸೀ ಮೊಂಜಿ. ಮುಟ್ಟೋದು ಯಜಮಾನ್ರು ಮಾತ್ರ."

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಹೊಟ್ಟೆ ಕುಲುಕಿಸಿ ನಗಲು ಶುರುಮಾಡಿದವನು ಕೆಮ್ಮು ಬರುವವರೆಗೂ ನಿಲ್ಲಿಸಲಿಲ್ಲ. ಕಣ್ಣೊರೆಸಿಕೊಂಡು ಎದ್ದು, ಎರಡೂ ಖಾಲಿ ಗ್ಲಾಸು ಎತ್ತಿಕೊಂಡು ಸಿಂಕಿನ ಕಡೆ ನಡೆದ. ಇಪ್ಪತ್ತು ವರ್ಷದಲ್ಲಿ ಅವನು ಆ ಕಡೆ ಹೋದದ್ದನ್ನು ಅವಳು ನೋಡಿರಲಿಲ್ಲ. ನೀರು ಬಿಟ್ಟ ಸದ್ದು ಕೇಳಿ ದೂಜಾ ಪರದೆಯಿಂದ ಕಣ್ಣು ತೆಗೆಯದೆ ಕೂಗಿದಳು:

"ಮೂರು ಸಲ, ಸೀ ಮೊಂಜಿ!"