ವಾರಿಗೆ ಹೊರಟ ಅತ್ತೆಯೂ ಕಾಲರಾ ಸೂಜಿಯೂ

ನಮ್ಮ ಅತ್ತೆಗೆ ಯಮನ ಭಯವಿಲ್ಲ. ಜ್ವರದ ಭಯ ಮಾತ್ರ ಸಿಕ್ಕಾಪಟ್ಟೆ, ಅದೂ ಆಷಾಢ ಹತ್ತಿರ ಬಂದಾಗ.

ಕಾರಣವಿದೆ. ಧಾರವಾಡ ಬಿಟ್ಟು ಪುಣೆಯಲ್ಲಿ ನಮ್ಮ ಜೊತೆ ಇರಲು ಬಂದಾಗಿನಿಂದ ಅವರದು ಒಂದೇ ಜಪ: ಸಂತರ ಪಾದುಕೆ ಹೊತ್ತ ಪಾಲಖಿಯ ಜೊತೆ ಪಂಢರಪುರಕ್ಕೆ ನಡೆದು ಹೋಗಬೇಕು. ಈ ವರ್ಷ ಮಂಡಿನೋವು ಸ್ವಲ್ಪ ಸುಮ್ಮನಿದೆ. ಮುಂದಿನ ವರ್ಷದ ಗ್ಯಾರಂಟಿ ಯಾರು ಕೊಡುತ್ತಾರೆ? ಪಾಲಖಿ ಏಳುವ ದೇಹೂದಿಂದಲೇ ಹೊರಡುವುದೆಂದು ಗಂಟು ಕಟ್ಟಿಯಾಯಿತು. ಅಷ್ಟರಲ್ಲಿ ಬಂತು ಸರಕಾರದ ಆರ್ಡರ್. ವಾರಿಗೆ (ಈ ಪಾದಯಾತ್ರೆಗೆ ಇಲ್ಲಿ ಹಾಗೆನ್ನುತ್ತಾರೆ) ಹೋಗುವವರೆಲ್ಲ ಕಾಲರಾ ಇಂಜೆಕ್ಷನ್ ತೆಗೆದುಕೊಂಡಿರಬೇಕು, ದಾರಿಯಲ್ಲಿ ಪೋಲೀಸರು ತಪಾಸಣೆ ಮಾಡುವ ನಾಕಾದಲ್ಲಿ ಚೀಟಿ ತೋರಿಸಬೇಕು.

"ನನಗ ಸೂಜಿ ಬ್ಯಾಡ. ಬಾಜೂ ಮನಿ ಆಜಿಗೆ ಹ್ವಾದ ವರ್ಷ ತೋಳು ಬಾತು, ಜ್ವರಾ ಬಂದು ಹಾಸಗಿ ಹಿಡದ್ರು. ಪಾಲಖಿ ಹೋಗೇ ಬಿಡ್ತು" ಅಂದರು ಅತ್ತೆ.

ತಪ್ಪೇನು? ಕಾಲರಾ ಬರಬಹುದು, ಬರದೆಯೂ ಇರಬಹುದು. ಸೂಜಿಯ ಜ್ವರ ಮಾತ್ರ ಹೆಚ್ಚುಕಡಿಮೆ ಖಾತ್ರಿ. ನಾನೂ ಸುಮ್ಮನಾದೆ.

ನಮ್ಮವರು ಸುಮ್ಮನಾಗುವ ಪೈಕಿ ಅಲ್ಲ. (ರೇಷನ್ ಕಾರ್ಡಿರಲಿ, ರೈಲ್ವೆ ರಿಸರ್ವೇಶನ್ ಇರಲಿ, ಎಲ್ಲ ಕಡೆ ಅವರಿಗೊಬ್ಬ 'ಪರಿಚಯದವನು' ಇರುತ್ತಾನೆ.) ಸಂಜೆ ಯಾವನೋ ಕಾಂಪೌಂಡರನಿಂದ ಚೀಟಿ ತಂದೇಬಿಟ್ಟರು. ಮೊಹರು ಇತ್ತು, ಸಹಿ ಇತ್ತು. ಸೂಜಿ ಒಂದು ಇರಲಿಲ್ಲ.

ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಏನ್ ಬರದಾರವಾ ಇದರಾಗ?"

"ನೀವು ಇಂಜೆಕ್ಷನ್ ತಗೊಂಡೀರಿ ಅಂತ" ಅಂದೆ.

"ನಾ ಎಲ್ಲೆ ತಗೊಂಡೀನಿ?"

"ಯಾರ್ ಕೇಳ್ತಾರವ್ವಾ, ಚೀಟಿ ಇದ್ರ ಸಾಕು" ಅಂದರು ಮಗರಾಯರು.

"ಅಲ್ಲೋ, ದಾರಿ ತುಂಬ ಒಂದ ಕೊಡದ ನೀರು ಕುಡಿಯೋ ಮಂದಿ ನಾವು. ನನ್ನಿಂದ ಇನ್ನೊಬ್ಬಾಕಿಗೆ ಬ್ಯಾನಿ ಹತ್ತಿದ್ರ? ಆಕಿಗೆ ಈ ಚೀಟಿ ತೋರಸ್ಲೇನು?"

ಮರುದಿನ ನನ್ನನ್ನು ಎಬ್ಬಿಸಿಕೊಂಡು ಆಸ್ಪತ್ರೆಗೆ ಹೋಗಿ ತೋಳೊಡ್ಡಿದರು. ಜ್ವರ ಬಂತು. ಬರದೆ ಬಿಟ್ಟೀತೇ? ಪಾಲಖಿ ದೇಹೂ ಬಿಟ್ಟ ದಿನ ಅತ್ತೆ ಕೌದಿ ಹೊದ್ದು, ಗೋಡೆ ಕಡೆ ಮುಖ ಮಾಡಿ ಮಲಗಿದ್ದರು.

ಆದರೆ ಪಾಲಖಿ ಪುಣೆಗೆ ಬಂದು ತಂಗುತ್ತದಲ್ಲ! ಅದು ಇಲ್ಲಿಂದ ಮುಂದೆ ಹೊರಟ ಬೆಳಗ್ಗೆ ಅತ್ತೆಯ ಮೈ ತಣ್ಣಗಿತ್ತು. ಊರಂಚಿನ ಹಡಪಸರದವರೆಗೆ ನಾನೂ ನಮ್ಮವರೂ ಜೊತೆಗೆ ನಡೆದೆವು. ನಾಕಾದಲ್ಲಿ ಅತ್ತೆ ಸೆರಗು ಸರಿಸಿ, ಇನ್ನೂ ಬಾವು ಇಳಿಯದ ತೋಳನ್ನೇ ಮುಂದೆ ಮಾಡಿದರು. "ಚಲಾ ಆಜಿ, ಪುಢೆ ಚಲಾ" ಅಂದು ಪೋಲೀಸ ಮುಂದಕ್ಕೆ ಕೈ ಬೀಸಿದ. ಅವನಿಗೆ ಚೀಟಿಯೂ ಬೇಡ, ತೋಳೂ ಬೇಡ.

"ನೋಡವ್ವಾ, ಸುಮ್ನ ಚುಚ್ಚಿಸ್ಕೊಂಡಿ!" ನಮ್ಮವರು ನಕ್ಕರು.

"ಅಂವಾ ಕೇಳ್ಲಿಲ್ಲ ಖರೆ. ಕಾಲರಾ ಚೀಟಿ ನೋಡಿ ಬಿಡ್ತದೇನು? ಊರ ಮಂದಿ ಕೂಡ ನೀರು ಕುಡದು ನಿಮ್ಮ ಮನೀಗೇ ಬರಾಕಿ ನಾ. ಅಷ್ಟರಾಗ ನೀವಿಬ್ರೂ ಚುಚ್ಚಿಸ್ಕೊಂಡಿರಬೇಕು" ಎಂದವರೇ ತಾಳದ ಸದ್ದಿನಲ್ಲಿ ಸೇರಿಹೋದರು. ಹಿಂತಿರುಗಿಯೂ ನೋಡಲಿಲ್ಲ. ಅಷ್ಟು ಖುಷಿಯಾಗಿ ಅವರು ನಡೆದದ್ದನ್ನು ನಾನು ಕಂಡೇ ಇರಲಿಲ್ಲ.

ನನ್ನದು ಆಯಿತು. ತೋಳು ನೋಯುತ್ತಿದೆ, ಮನಸ್ಸು ಹಗುರಾಗಿದೆ. ನಮ್ಮವರಿಗೆ ಮಾತ್ರ (ಇದು ನಿಮ್ಮಲ್ಲೇ ಇರಲಿ) ಸೂಜಿ ಕಂಡರೆ ತಲೆ ಸುತ್ತುತ್ತದೆ. ನಿನ್ನೆಯಿಂದ ಮತ್ತೆ ಆ ಕಾಂಪೌಂಡರನ ಸುದ್ದಿ ತೆಗೆಯುತ್ತಿದ್ದಾರೆ.

ಅತ್ತೆ ಬಂದು "ತೋಳು ತೋರಿಸು" ಅಂದರೆ, ಚೀಟಿ ತೋರಿಸಲಾದೀತೇ?